ಲೈವ್ ಬ್ಯಾಂಡ್ ಕೇಳಲು ಹೋಗುವವರಿಗೆ: ಜೇಬಲ್ಲಿ ಇಯರ್‌ಪ್ಲಗ್ ಇರಲಿ

ಇಂದಿರಾನಗರ, ಕೋರಮಂಗಲದ ಕಡೆ ಸಣ್ಣ ಜಾಗಗಳಲ್ಲಿ ಬ್ಯಾಂಡ್ ಕೇಳಲು ಹೋಗುವವರಿಗೆ ಒಂದು ಮಾತು. ಮೊದಲ ಸಲ ಹೋದಾಗ ನಾನು ಖುಷಿಯಿಂದ ಸ್ಪೀಕರ್ ಪಕ್ಕದ ಟೇಬಲ್ಲೇ ಹಿಡಿದಿದ್ದೆ. ಮರುದಿನ ಮಧ್ಯಾಹ್ನದವರೆಗೂ ಕಿವಿಯಲ್ಲಿ ಗುಂಯ್ ಅಂತ ಸದ್ದು. ಹಾಡು ಯಾವುದು ಅಂತಲೂ ನೆನಪಿಲ್ಲ!

85 ಡೆಸಿಬಲ್ ಸದ್ದನ್ನು ಕಿವಿ 8 ಗಂಟೆ ತಡೆದುಕೊಳ್ಳಬಹುದು ಅನ್ನುವುದು ಒಂದು ಲೆಕ್ಕ. ಮುಂದೆ ಪ್ರತಿ 3 ಡೆಸಿಬಲ್‌ಗೆ ಆ ಸಮಯ ಅರ್ಧ ಆಗುತ್ತದೆ. ಅಂದರೆ 100 ಡೆಸಿಬಲ್‌ಗೆ ಬರೀ 15 ನಿಮಿಷ! ಸಣ್ಣ ಕೋಣೆಯಲ್ಲಿ ಡ್ರಮ್ಸ್ ಶುರುವಾದರೆ ಅಷ್ಟು ಸದ್ದು ಸುಲಭವಾಗಿ ಬರುತ್ತದೆ. ಮೆಡಿಕಲ್ ಶಾಪ್‌ನ ಫೋಮ್ ಇಯರ್‌ಪ್ಲಗ್ ಸಾಕು. ಹೊಸಕಿ ತೆಳ್ಳಗೆ ಮಾಡಿ, ಕಿವಿಯನ್ನು ಸ್ವಲ್ಪ ಮೇಲಕ್ಕೆ ಎಳೆದು ಒಳಗಿಡಿ. ಸುಮ್ನೆ ತುರುಕಿದರೆ ಪ್ರಯೋಜನವಿಲ್ಲ.

ಎಲ್ಲಿ ಕೂರಬೇಕು? ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ. ಅವರು ಆ ಜಾಗದಿಂದ ಕೇಳಿಯೇ ಸದ್ದು ಹೊಂದಿಸುವುದು.

ಕವರ್ ಚಾರ್ಜ್ (ಒಳಗೆ ಬಿಡಲು ತೆಗೆದುಕೊಳ್ಳುವ ದುಡ್ಡು) ಊಟದ ಬಿಲ್‌ನಲ್ಲಿ ಕಳೆಯುತ್ತಾರಾ ಅಂತ ಫೋನ್ ಮಾಡಿ ಕೇಳಿಬಿಡಿ. ನಾನು ಕೇಳದೆ ಹೋಗಿ ಬಿಲ್ ನೋಡಿ ಬೆಪ್ಪಾಗಿದ್ದೇನೆ.

ಟೆರೇಸ್ ಮೇಲಿನ ಕಾರ್ಯಕ್ರಮವಾದರೆ ಬೇಗ ಹೋಗಿ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಒಂಬತ್ತೂವರೆಗೆ ತಲುಪಿದರೆ ಮೂರು ಹಾಡು ಸಿಕ್ಕರೆ ಜಾಸ್ತಿ. ವಾಪಸ್ ಬರಲು ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಳ್ಳಿ, ಆ ಹೊತ್ತಿಗೆ ಆಟೊದವರು ಹೇಳುವ ರೇಟ್ ಗೊತ್ತಲ್ಲ!