ಬಿಪಿ, ಕಲ್ಲು, ಕನ್ನಡಕ ಇದ್ದರೂ ಪೈಲಟ್ ಮೆಡಿಕಲ್: ಹೋಗುವ ಮುಂಚೆ ಏನೇನು ಮಾಡಬೇಕು?

ಅಕ್ಕನ ಮಗ ಪಿಯುಸಿ ಮುಗಿಸಿ ಪೈಲಟ್ ಆಗ್ತೀನಿ ಅಂದಾಗ ಮನೆಯವರೆಲ್ಲ ದುಡ್ಡಿನ ಲೆಕ್ಕ ಹಾಕುತ್ತಾ ಕೂತಿದ್ದರು. ಅವನ ಕಿಡ್ನಿಯೊಳಗೆ ಐದು ಮಿಲಿಮೀಟರ್ ಕಲ್ಲೊಂದು ಕೂತಿರುವುದು ಯಾರಿಗೂ ಗೊತ್ತಿರಲಿಲ್ಲ. ಮೆಡಿಕಲ್‌ನ ಸ್ಕ್ಯಾನಿಂಗ್‌ನಲ್ಲಿ ಅದು ಕಾಣಿಸಿತು. ‘ತಾತ್ಕಾಲಿಕ ಅನ್‌ಫಿಟ್’ ಅಂತ ಬರೆದು ಕಳಿಸಿದರು. ನೋವಿಲ್ಲ, ಏನಿಲ್ಲ, ಯಾಕೆ ಅಂತ ಅವನ ಗೊಣಗಾಟ. ಕಲ್ಲು ಯಾವಾಗ ಜಾರುತ್ತದೋ ಯಾರು ಹೇಳಬಲ್ಲರು? ಮನೆಯಲ್ಲಿ ಜಾರಿದರೆ ನೆಲದ ಮೇಲೆ ಹೊರಳಾಡಬಹುದು. ವಿಮಾನ ಇಳಿಸುವಾಗ ಜಾರಿದರೆ?

ಪೈಲಟ್ ಮೆಡಿಕಲ್‌ನ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಡಾಕ್ಟರು ‘ಕಾಯಿಲೆ ಇದೆಯಾ’ ಅನ್ನುವುದಕ್ಕಿಂತ ‘ಹಾರುವಾಗ ದೇಹ ಥಟ್ಟನೆ ಕೈಕೊಡುತ್ತಾ’ ಅಂತ ನೋಡುತ್ತಾರೆ. ಹಲವು ದೇಶಗಳ ವೈಮಾನಿಕ ವೈದ್ಯರು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುವ ವಿಮಾನವಾದರೆ, ಒಂದು ವರ್ಷದಲ್ಲಿ ಹೀಗೆ ಕುಸಿಯುವ ಸಾಧ್ಯತೆ ನೂರಕ್ಕೆ ಒಂದನ್ನು ಮೀರಬಾರದು. ನಿಮ್ಮ ಕೆಲಸ ಏನೆಂದರೆ, ನೀವು ಆ ಗೆರೆಯ ಒಳಗಿದ್ದೀರಿ ಅಂತ ಕಾಗದದಲ್ಲಿ ತೋರಿಸುವುದು.

ಮೊದಲು ಕ್ಲಾಸ್ 2

ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ಡಿಜಿಸಿಎ, ಅಂದರೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ನಿರ್ದೇಶನಾಲಯ. ವಿದ್ಯಾರ್ಥಿ ಮತ್ತು ಹವ್ಯಾಸಿ ಪೈಲಟ್‌ಗಳಿಗೆ ಕ್ಲಾಸ್ 2 ಮೆಡಿಕಲ್, ಸಂಬಳಕ್ಕೆ ಹಾರುವವರಿಗೆ ಕ್ಲಾಸ್ 1. ಕ್ಲಾಸ್ 2 ಪರೀಕ್ಷೆಯನ್ನು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಮಾಡಿಸಬೇಕು. ಅರ್ಜಿ ಹಾಕುವುದು ಡಿಜಿಸಿಎಯ ಆನ್‌ಲೈನ್ ಪೋರ್ಟಲ್ ಇಜಿಸಿಎಯಲ್ಲಿ. ಅದು ಪಾಸಾಗಿ ಫೈಲ್ ನಂಬರ್ ಬಂದಮೇಲೆ ಕ್ಲಾಸ್ 1. ಬೆಂಗಳೂರಿನವರು ಇದಕ್ಕೆ ದೂರ ಹೋಗಬೇಕಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಗಗನಯಾನದ ಯಾತ್ರಿಗಳನ್ನು ಆರಿಸುವಾಗ ಪರೀಕ್ಷೆ ಮಾಡಿದ್ದೂ ಇಲ್ಲೇ.

ಒಂದು ಮಾತು ಮಾತ್ರ ಕೇಳಿ. ಕ್ಲಾಸ್ 1 ಕೈಗೆ ಬರುವ ತನಕ ಫ್ಲೈಯಿಂಗ್ ಸ್ಕೂಲಿಗೆ ದೊಡ್ಡ ಮೊತ್ತ ಕಟ್ಟಬೇಡಿ. ‘ಸೀಟು ಹೋಗುತ್ತೆ’ ಅಂತ ಅವಸರ ಮಾಡಿಸುವವರು ಇರುತ್ತಾರೆ. ಹೋದರೆ ಹೋಗಲಿ.

ಫೈಲು ಹೊಂದಿಸುವುದು

ಹಳೇ ಕಾಯಿಲೆ, ಆಪರೇಷನ್ ಏನಿದ್ದರೂ ಅದರ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟು, ಸ್ಕ್ಯಾನ್, ಇಸಿಜಿ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಈಗ ತೆಗೆದುಕೊಳ್ಳುವ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ‘ಆರೋಗ್ಯವಾಗಿದ್ದಾರೆ’ ಅಂತ ಎರಡು ಸಾಲು ಗೀಚಿದ ಚೀಟಿ ಕೆಲಸಕ್ಕೆ ಬರುವುದಿಲ್ಲ. ಈಗಿನ ಸ್ಥಿತಿ ಏನು, ಮತ್ತೆ ಬರುವ ಸಾಧ್ಯತೆ ಎಷ್ಟು, ಮಾತ್ರೆಯಿಂದ ಮಂಪರು ಬರುತ್ತದಾ? ಈ ಮೂರಕ್ಕೂ ನಿಮ್ಮ ಸ್ಪೆಷಲಿಸ್ಟ್ ಪತ್ರದಲ್ಲಿ ಉತ್ತರ ಇರಬೇಕು.

ಮುಚ್ಚಿಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಸುಳ್ಳು ಹೇಳಿಕೆ ಆಮೇಲೆ ಸಿಕ್ಕಿಬಿದ್ದರೆ ಕಾಯಿಲೆಗಿಂತ ಅದೇ ದೊಡ್ಡ ತಲೆನೋವು. ಲೈಸೆನ್ಸೇ ಹೋಗಬಹುದು.

ಪರೀಕ್ಷೆಯ ದಿನ

ಬಿಪಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಸರಿ ಇರುವವರಿಗೂ ಬಿಳಿ ಕೋಟು ಕಂಡರೆ ಏರುತ್ತದೆ. ಬೆಳಿಗ್ಗೆ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕಾಲು ನೆಲಕ್ಕೆ ಊರಿ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತಿರಿ. ಅಳೆಯುವಾಗ ಮಾತಾಡಬೇಡಿ. ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ತೋಳು ಚಾಚಿದರೆ ಜಾಸ್ತಿ ಬರದೆ ಇನ್ನೇನಾಗುತ್ತೆ? ಆದರೂ ಏರಿದರೆ 24 ಗಂಟೆ ತೋಳಿಗೆ ಕಟ್ಟುವ ಮಾನಿಟರ್ ಇದೆ, ನಿಜ ಏನೆಂದು ಅದು ಹೇಳುತ್ತದೆ. ಬಿಪಿ ಮಾತ್ರೆ ತೆಗೆದುಕೊಂಡೇ ಹಾರುವವರು ಬೇಕಾದಷ್ಟು ಜನ ಇದ್ದಾರೆ. ಕ್ಲೋನಿಡೀನ್‌ನಂಥ ಮಂಪರು ತರುವ ಮಾತ್ರೆಗಳದ್ದೇ ತೊಂದರೆ.

ಕನ್ನಡಕಕ್ಕೆ ಹೆದರಬೇಕಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿಗೂ 6/9, ಎರಡೂ ಸೇರಿ 6/6 ಕಂಡರೆ ಸಾಕು. ಹಾರುವಾಗ ಇನ್ನೊಂದು ಜೊತೆ ಕನ್ನಡಕ ಹತ್ತಿರ ಇರಬೇಕು ಅಷ್ಟೇ. ಬಣ್ಣದ ಪರೀಕ್ಷೆಯೇ ಬೇರೆ. ಬಣ್ಣದ ಚುಕ್ಕಿಗಳಲ್ಲಿ ಅಂಕಿ ಗುರುತಿಸಲು ಕೊಡುವ ಇಶಿಹಾರಾ ಪುಸ್ತಕದ ಮೊದಲ ಪುಟದಲ್ಲಿ ಚುಕ್ಕಿಗಳ ನಡುವೆ 12 ಇದೆ, ಅದು ಎಲ್ಲರಿಗೂ ಕಾಣುತ್ತದೆ. ಎರಡನೇ ಪುಟದ 8, ಕೆಂಪು-ಹಸಿರು ಗೊಂದಲ ಇರುವವರಿಗೆ 3ರಂತೆ ಕಾಣುತ್ತದೆ. ಮೊದಲೇ ಉರು ಹೊಡೆದು ಹೋಗುವವರೂ ಇದ್ದಾರಂತೆ! ಇಶಿಹಾರಾ ತಪ್ಪಿದರೆ ಬಣ್ಣದ ದೀಪಗಳನ್ನು ತೋರಿಸಿ ಕೇಳುವ ಲ್ಯಾಂಟರ್ನ್ ಪರೀಕ್ಷೆ ಕಾದಿರುತ್ತದೆ, ಅಲ್ಲಿ ಉರು ನಡೆಯುವುದಿಲ್ಲ.

ಸಕ್ಕರೆ ಕಾಯಿಲೆ ಪಥ್ಯದಲ್ಲೋ ಕೆಲವು ಮಾತ್ರೆಗಳಲ್ಲೋ ಹತೋಟಿಯಲ್ಲಿದ್ದರೆ ದಾರಿ ಇದೆ. ಇನ್ಸುಲಿನ್ ಕಷ್ಟ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ಮಾನದಂಡದಲ್ಲಿ ಅದು ಅನ್‌ಫಿಟ್. ಆದರೆ ಬ್ರಿಟನ್ 2012ರಿಂದ, ಅಮೆರಿಕ 2019ರ ಕೊನೆಯಿಂದ, ಬಿಗಿಯಾದ ಷರತ್ತು ಹಾಕಿ ಇನ್ಸುಲಿನ್ ತೆಗೆದುಕೊಳ್ಳುವ ವೃತ್ತಿಪರ ಪೈಲಟ್‌ಗಳಿಗೂ ಬಾಗಿಲು ತೆರೆದಿವೆ.

ಮನಸ್ಸಿನ ವಿಷಯ ಇನ್ನೂ ಸೂಕ್ಷ್ಮ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹ ಪೈಲಟ್ ಬೇಕೆಂದೇ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. ವಿಮಾನದಲ್ಲಿದ್ದ 150 ಜನರೂ ಸತ್ತರು. ತನ್ನ ಮಾನಸಿಕ ಕಾಯಿಲೆಯನ್ನು ಕಂಪನಿಗೆ ಅವನು ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತೆ ಅನ್ನುವ ಭಯ ಇರುವ ಕಡೆ ಯಾರು ತಾನೇ ಹೇಳುತ್ತಾರೆ? ಅಮೆರಿಕ 2010ರಲ್ಲೇ ಖಿನ್ನತೆಯ ನಾಲ್ಕು ಮಾತ್ರೆಗಳನ್ನು ಷರತ್ತಿನ ಮೇಲೆ ಒಪ್ಪಿತ್ತು. ನನ್ನ ಕೇಳಿದರೆ ಅದೇ ಸರಿಯಾದ ದಾರಿ.

ಅನ್‌ಫಿಟ್ ಅಂದರೆ

ತಾತ್ಕಾಲಿಕವಾದರೆ ಏನು ಸರಿ ಮಾಡಿಕೊಂಡು ಬರಬೇಕು ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಹುಡುಗ ಕಲ್ಲು ತೆಗೆಸಿ, ಕಲ್ಲಿಲ್ಲ ಅನ್ನುವ ಸ್ಕ್ಯಾನ್ ಹಿಡಿದು ಮತ್ತೆ ಹೋದ, ಫಿಟ್ ಆದ. ಕೆಲವರಿಗೆ ‘ಪಕ್ಕದಲ್ಲಿ ಅನುಭವಿ ಪೈಲಟ್ ಇದ್ದರೆ ಫಿಟ್’ ಅಂತ ಷರತ್ತು ಬೀಳುತ್ತದೆ. ಶಾಶ್ವತ ಅನ್‌ಫಿಟ್ ಅಂದರೂ ಸ್ಪೆಷಲಿಸ್ಟ್‌ಗಳ ಅಭಿಪ್ರಾಯ ಇಟ್ಟು ಮರುಪರಿಶೀಲನೆ ಕೇಳಬಹುದು. ನಾಸಾದ ಗಗನಯಾತ್ರಿ ಡೀಕ್ ಸ್ಲೇಟನ್‌ರನ್ನು 1962ರಲ್ಲಿ ಎದೆಬಡಿತ ಏರುಪೇರು ಅಂತ ಹಾರದಂತೆ ಕೂರಿಸಿದರು. ಅವರು ಬಾಹ್ಯಾಕಾಶಕ್ಕೆ ಹೋಗಿದ್ದು 1975ರಲ್ಲಿ, 51ನೇ ವಯಸ್ಸಿನಲ್ಲಿ.

ಸರ್ಟಿಫಿಕೇಟ್ ಬಂದಮೇಲೂ ಕ್ಲಾಸ್ 1 ಸಾಮಾನ್ಯವಾಗಿ ವರ್ಷಕ್ಕೊಮ್ಮೆ, 60 ದಾಟಿದರೆ ಆರು ತಿಂಗಳಿಗೊಮ್ಮೆ. ನಡುವೆ ಆರೋಗ್ಯ ಕೆಟ್ಟರೆ ಸರ್ಟಿಫಿಕೇಟ್ ಜೇಬಲ್ಲಿದ್ದರೂ ಹಾರುವಂತಿಲ್ಲ. ನೆಗಡಿಗೂ ಇದೇ ಲೆಕ್ಕ. ಮೂಗು ಕಟ್ಟಿದ್ದರೆ ವಿಮಾನ ಇಳಿಯುವಾಗ ಕಿವಿ ತಮಟೆಗೆ ಪೆಟ್ಟು ಬೀಳಬಹುದು, ಮೆಡಿಕಲ್ ಶಾಪಿನ ಸಿಟ್ರಿಜಿನ್ ನುಂಗಿದರೆ ನಿದ್ದೆ. ಅಂಥ ದಿನ ರೋಸ್ಟರ್‌ನವರಿಗೆ ಫೋನ್ ಮಾಡಿ ರಜೆ ಹಾಕಿ.