ಮೈಕ್ರೋವೇವ್ ಓವನ್‌ನಲ್ಲಿ ಎಲ್‌ಇಡಿಯ ಹಳದಿ ಫಾಸ್ಫರ್

ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಚಿಪ್ ಮೇಲಿರುವ ಹಳದಿ ಪುಡಿ ಒಂದು ಫಾಸ್ಫರ್, ಅಂದರೆ ನೀಲಿ ಬೆಳಕು ಹೀರಿ ಹಳದಿ ಬೆಳಕು ಕೊಡುವ ವಸ್ತು. ಅದು ಸಾಮಾನ್ಯವಾಗಿ ಸೀರಿಯಂ ಬೆರೆತ ಯಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್. ಫರ್ನೇಸಿನಲ್ಲಿ ಇದನ್ನು ತಯಾರಿಸಲು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಕು. ಮೈಕ್ರೋವೇವ್‌ನಲ್ಲಿ ಅರ್ಧ ಗಂಟೆ ಸಾಕು. ಆದರೆ ತಣ್ಣಗಿರುವ ಆಕ್ಸೈಡ್ ಪುಡಿ ಮೈಕ್ರೋವೇವನ್ನು ಹೀರುವುದೇ ಕಡಿಮೆ. ಸುತ್ತ ಇಡುವ ಇದ್ದಿಲು ಹೀರಿ, ಕಾದು, ಪುಡಿಯನ್ನು ಕಾಯಿಸಬೇಕು.

2 ಗ್ರಾಂ ಪುಡಿಗೆ ಯಟ್ರಿಯಂ ಆಕ್ಸೈಡ್ 1.113 ಗ್ರಾಂ, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) 0.854 ಗ್ರಾಂ, ಸೀರಿಯಂ ಆಕ್ಸೈಡ್ 0.035 ಗ್ರಾಂ, ಫ್ಲಕ್ಸ್ (ಪುಡಿಗಳು ಬೇಗ ಬೆರೆತು ಸೇರಲು ನೆರವಾಗುವ ವಸ್ತು) ಆಗಿ ಬೇರಿಯಂ ಫ್ಲೋರೈಡ್ 0.1 ಗ್ರಾಂ. ಯಟ್ರಿಯಂ ಆಕ್ಸೈಡ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿರುತ್ತದೆ. 900 ಡಿಗ್ರಿಯಲ್ಲಿ ಕಾಯಿಸಿ, ಆರಿದ ಕೂಡಲೇ ತೂಗಿ. ಇಲ್ಲದಿದ್ದರೆ ಯಟ್ರಿಯಂ ಕಡಿಮೆ ಬಿದ್ದು ಅಲ್ಯೂಮಿನಾ ಉಳಿಯುತ್ತದೆ. ಅಗೇಟ್ ಕಲ್ಲಿನ ಖರಲಿನಲ್ಲಿ (ಅರೆಯುವ ಕುಟ್ಟಾಣಿ) ಅಸಿಟೋನ್ ಹಾಕಿ ಅರ್ಧ ಗಂಟೆ ಅರೆದು, ಅಸಿಟೋನ್ ಪೂರ್ತಿ ಆರುವ ತನಕ ಬಿಡಿ.

ಪುಡಿಯನ್ನು ಚಿಕ್ಕ ಅಲ್ಯೂಮಿನಾ ಕ್ರೂಸಿಬಲ್‌ಗೆ (ಬಿಸಿ ತಡೆಯುವ ಬಟ್ಟಲು) ತುಂಬಿ, ದೊಡ್ಡದೊಂದರ ಒಳಗಿಟ್ಟು, ನಡುವಿನ ಜಾಗಕ್ಕೆ 1–2 ಮಿಲಿಮೀಟರ್ ಕಾಳಿನ ಸಕ್ರಿಯ ಇದ್ದಿಲು ಸುರಿಯಿರಿ. ಮುಚ್ಚಳ ಸಡಿಲವಾಗಿರಲಿ, ಅನಿಲ ಹೊರಹೋಗಬೇಕು. ಇಡೀ ಜೋಡಣೆಯನ್ನು ಬಿಸಿ ಹೊರಹೋಗದಂತೆ ತಡೆಯುವ ಅಲ್ಯೂಮಿನಾ ಫೈಬರ್ ಬೋರ್ಡಿನ ಡಬ್ಬಿಯಲ್ಲಿಡಿ. ಓವನ್ನಿನ ಗಾಜಿನ ತಟ್ಟೆ ತೆಗೆದು ಫೈರ್‌ಬ್ರಿಕ್ (ಬಿಸಿ ತಡೆಯುವ ಇಟ್ಟಿಗೆ) ಹಾಕಿ. ತಟ್ಟೆ ಬಿಸಿಗೆ ಸೀಳುತ್ತದೆ.

ಇದ್ದಿಲಿಗೆ ಇನ್ನೊಂದು ಕೆಲಸವೂ ಇದೆ. ಅದು ಉರಿದು ಬರುವ ಕಾರ್ಬನ್ ಮೊನಾಕ್ಸೈಡ್, ಬೆಳಕು ಕೊಡದ ನಾಲ್ಕು ವೇಲೆನ್ಸಿಯ ಸೀರಿಯಂ ಅನ್ನು ಮೂರಕ್ಕೆ ಇಳಿಸುತ್ತದೆ. ಹೀಗಾಗಿ ಹೈಡ್ರೋಜನ್ ಸಿಲಿಂಡರ್ ಬೇಡ. ಆದರೆ ಈ ಅನಿಲ ವಾಸನೆಯಿಲ್ಲದ ವಿಷ: ಓವನ್ ಫ್ಯೂಮ್ ಹುಡ್ (ಅನಿಲವನ್ನು ಹೊರಗೆ ಎಳೆದೊಯ್ಯುವ ಪ್ರಯೋಗಾಲಯದ ಪೆಟ್ಟಿಗೆ) ಒಳಗೇ ಇರಬೇಕು. ಆ ಓವನ್ನಿನಲ್ಲಿ ಮುಂದೆಂದೂ ಊಟ ಬಿಸಿ ಮಾಡಬಾರದು.

1000 ವ್ಯಾಟ್ ಓವನ್‌ನಲ್ಲಿ ಮೊದಲು ಹತ್ತು ನಿಮಿಷ ಪೂರ್ತಿ ಪವರ್, ಆಮೇಲೆ ಸುಮಾರು 60 ಶೇಕಡದಲ್ಲಿ ಹದಿನೈದು ನಿಮಿಷ. ಇದು ಆರಂಭದ ಅಂದಾಜಷ್ಟೆ. ಅಗ್ಗದ ಓವನ್‌ಗಳು ಪವರ್ ಇಳಿಸುವುದಿಲ್ಲ, ಮೈಕ್ರೋವೇವ್ ಹೊಮ್ಮಿಸುವ ಮ್ಯಾಗ್ನೆಟ್ರಾನ್ ಅನ್ನು ಆಫ್-ಆನ್ ಮಾಡುತ್ತವೆ, ಬಿಸಿ ತೂಗಾಡುತ್ತದೆ. ಪವರನ್ನೇ ಇಳಿಸಬಲ್ಲ ಇನ್ವರ್ಟರ್ ಓವನ್ನೇ ಒಳ್ಳೆಯದು. ಮುಗಿದ ತಕ್ಷಣ ಡಬ್ಬಿ ತೆಗೆದರೆ ಕ್ರೂಸಿಬಲ್ ಬಿರುಕು ಬಿಡುತ್ತದೆ, ಒಳಗೇ ಆರಲಿ.

ನೀಲಿ ಎಲ್‌ಇಡಿ ಹಿಡಿದಾಗ ಹೊಳಪು ಮಂಕಾಗಿದ್ದರೆ ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಚದುರುವ ಕೋನಗಳಿಂದ ಹರಳು ಗುರುತಿಸುವ ಪರೀಕ್ಷೆ) ನೋಡಿ. ಗಾರ್ನೆಟ್ಟಿನ ಮುಖ್ಯ ಶಿಖರ 33.3 ಡಿಗ್ರಿ ಕೋನದ ಹತ್ತಿರ ಬರುತ್ತದೆ. 34.3ರಲ್ಲಿ ಶಿಖರ ಕಂಡರೆ ಪೆರಾವ್‌ಸ್ಕೈಟ್ (ಗಾರ್ನೆಟ್ ಆಗುವ ಮೊದಲಿನ ಹಂತದ ಯಟ್ರಿಯಂ-ಅಲ್ಯೂಮಿನಿಯಂ ಆಕ್ಸೈಡ್) ಉಳಿದಿದೆ: ಬಿಸಿ ಸಾಲದು, ಇಲ್ಲವೇ ಅರೆದದ್ದು ಸಾಲದು. ಮತ್ತೆ ಅರೆದು ಇನ್ನೊಮ್ಮೆ ಕಾಯಿಸಿ. ಪುಡಿ ಬೂದು ಬಣ್ಣವಾಗಿದ್ದರೆ ಇದ್ದಿಲು ಒಳಗೆ ಸೇರಿದೆ. ಗಾಳಿಯಲ್ಲಿ 600 ಡಿಗ್ರಿಗೆ ಕಾಯಿಸಿದರೆ ಅದು ಉರಿದುಹೋಗುತ್ತದೆ.