ಬಾಟಲಿ ಇಲ್ಲದೆ ಹತ್ತಿದ ರೈಲು

ಶ್ರೀರಂಗಪಟ್ಟಣ ಸ್ಟೇಷನ್ ಬಿಟ್ಟು ರೈಲು ಕಾವೇರಿ ಸೇತುವೆ ಮೇಲೆ ಹೋಗುವಾಗ ನನಗೆ ಮೊದಲ ಸಲ ಹಾಗಾಯಿತು. ಎದೆ ಡವಡವ ಹೊಡೆದುಕೊಂಡಿತು. ಬೆರಳು ಜೋಮು ಹಿಡಿದವು. ಉಸಿರು ಸಾಲುತ್ತಿಲ್ಲ, ಇಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು. ಮೈಸೂರಿನಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಸರಿಹೋಗಿತ್ತು. ಮೈ ಮಾತ್ರ ಬೆವರಿನಲ್ಲಿ ತೊಯ್ದಿತ್ತು.

ಇಸಿಜಿ ಮಾಡಿಸಿದೆ, ಥೈರಾಯ್ಡ್ ನೋಡಿಸಿದೆ. ತೊಂದರೆ ಏನೂ ಕಾಣಲಿಲ್ಲ. ‘ಧೈರ್ಯವಾಗಿರಿ’ ಅಂದು ಕಳಿಸಿದರು. ಅವ್ವ ದೃಷ್ಟಿ ತೆಗೆದು, ‘ಏನೂ ಆಗಕಿಲ್ಲ ಕಣವ್ವ, ಸುಮ್ನೆ ಯೋಚ್ನೆ ಹಚ್ಕಬೇಡ’ ಅಂದಳು. ಬೇಡ ಅಂದರೆ ಯೋಚನೆ ನಿಲ್ಲುತ್ತದಾ? ಮಂಡ್ಯದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗುವವಳು ನಾನು. ರೈಲು ಬಿಟ್ಟು ಬಸ್ಸು ಹಿಡಿದೆ. ಎರಡೇ ತಿಂಗಳಲ್ಲಿ ಬಸ್ಸು ಹತ್ತುವುದೂ ಕಷ್ಟವಾಯಿತು.

ಕೊನೆಗೆ ಮೈಸೂರಿನಲ್ಲೇ ಒಬ್ಬ ಮನಃಶಾಸ್ತ್ರಜ್ಞೆಯನ್ನು ಕಂಡೆ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಪ್ರಶ್ನೆ ಕೇಳಿದರು.

‘ಆ ಹೊತ್ತಲ್ಲಿ ಮನಸ್ಸಿಗೆ ಏನು ಬಂತು?’

‘ಭಯ ಆಯ್ತು ಮೇಡಂ.’

‘ಸರಿ, ಏನಾಗಿಬಿಡುತ್ತೆ ಅಂತ ಭಯ?’

‘ತಲೆ ತಿರುಗಿ ಬೀಳ್ತೀನಿ. ಹಾರ್ಟು ನಿಂತುಹೋಗುತ್ತೆ.’

ಅವರಿಗೆ ಬೇಕಾಗಿದ್ದು ಈ ಮಾತು. ಭಯಕ್ಕೂ ಮುಂಚೆ ಮಿಂಚಿನ ಹಾಗೆ ಬಂದುಹೋಗುವ ಇಂಥ ಯೋಚನೆಗಳನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ತನ್ನ ಖಿನ್ನತೆಯ ರೋಗಿಗಳಲ್ಲಿ ಗುರುತಿಸಿದ್ದರಂತೆ. ನನಗೆ ಮಾಡಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಬೆಳೆದದ್ದು ಅಲ್ಲಿಂದ. ಒಳ್ಳೆಯದನ್ನೇ ಯೋಚಿಸು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಂದ ಯೋಚನೆ ನಿಜವಾ ಅಂತ ಪರೀಕ್ಷೆ ಮಾಡಿ ನೋಡುವುದೇ ಇಲ್ಲಿನ ಕೆಲಸ.

ಆ ಪರೀಕ್ಷೆಯನ್ನು ಮೂರನೇ ಭೇಟಿಯಲ್ಲಿ ಕುರ್ಚಿ ಮೇಲೆ ಕೂರಿಸಿಯೇ ಮಾಡಿಸಿದರು. ನನ್ನ ಇಸಿಜಿ ನೋಡಿದ ಮೇಲೆ, ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಲು ಹೇಳಿದರು. ಬೆರಳು ಜೋಮು ಹಿಡಿದವು, ತಲೆ ಹಗುರಾಯಿತು. ಅದೇ ಸೇತುವೆ ಮೇಲಿನ ಅನುಭವ! ಉಸಿರು ಜಾಸ್ತಿಯಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ ಅಂದರು. ಇನ್ನೊಂದು ಮಾತನ್ನೂ ತಿಳಿಸಿದರು. ಸಾಮಾನ್ಯವಾಗಿ ಪ್ರಜ್ಞೆ ತಪ್ಪುವುದು ಬಿಪಿ ಇಳಿದಾಗ. ಗಾಬರಿಯಲ್ಲಿ ಅದು ಏರುತ್ತದೆ. ಅಂದರೆ ನಾನು ಯಾವುದಕ್ಕೆ ಹೆದರಿದ್ದೆನೋ, ಗಾಬರಿಯಲ್ಲಿ ನನ್ನ ಮೈ ಅದರ ಉಲ್ಟಾ ದಿಕ್ಕಿಗೆ ಹೋಗುತ್ತಿತ್ತು. ಅವತ್ತು ನಾನು ಅತ್ತುಬಿಟ್ಟೆ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಎಲ್ಲಿದ್ದೆ, ಏನು ಅನ್ನಿಸಿತು, 100ಕ್ಕೆ ಎಷ್ಟು ನಂಬಿದೆ, ನಿಜವಾಗಿ ಏನಾಯಿತು. ರೈಲನ್ನೂ ಮತ್ತೆ ಹತ್ತಿದೆ. ಮೊದಲ ವಾರ ಮಂಡ್ಯದಿಂದ ಎಲಿಯೂರಿನವರೆಗೆ ಮಾತ್ರ. ಆಮೇಲೆ ಪಾಂಡವಪುರ. ಭಯ ಬಂದರೂ ಇಳಿಯಬಾರದು, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು ಅನ್ನುವುದು ನಿಯಮ.

ಆದರೂ ಎಂಟನೇ ವಾರದವರೆಗೆ ‘ಬೀಳ್ತೀನಿ’ ಅನ್ನುವ ನಂಬಿಕೆ 60ರ ಕೆಳಗೆ ಬರಲಿಲ್ಲ. ಮೇಡಂ ನನ್ನ ಬ್ಯಾಗ್ ಕಡೆ ನೋಡಿ, ‘ರೈಲಲ್ಲಿ ಜೊತೆಗೆ ಏನೇನು ಇಟ್ಕೋತೀರಿ?’ ಅಂದರು. ನೀರಿನ ಬಾಟಲಿ, ಗ್ಲೂಕೋಸ್ ಪುಡಿ, ಬಾಗಿಲ ಹತ್ತಿರದ ಸೀಟು. ಆಗ ಹೊಳೆಯಿತು. ಪ್ರತಿ ಸಲ ಕ್ಷೇಮವಾಗಿ ಇಳಿದಾಗಲೂ, ಬಾಟಲಿ ಇತ್ತು, ಅದಕ್ಕೇ ಉಳಿದೆ ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ಏನೂ ಆಗುವುದಿಲ್ಲ ಅನ್ನುವುದನ್ನು ಕಲಿಯಲು ನಾನು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಇಡೀ ಥೆರಪಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು.

ಮುಂದಿನ ಸೋಮವಾರ ಬಾಟಲಿ ಮನೆಯಲ್ಲಿಟ್ಟು ಹೋದೆ, ನಡುವಿನ ಸೀಟಿನಲ್ಲಿ ಕೂತೆ. ಸೇತುವೆ ಬಂತು. ಗಾಬರಿ ಏರಿತು, ಕೆಲವು ನಿಮಿಷ ಇತ್ತು, ನಾಗನಹಳ್ಳಿ ಹೊತ್ತಿಗೆ ತಾನೇ ಇಳಿಯಿತು. ನೋಟ್‌ಬುಕ್ಕಿನಲ್ಲಿ 20 ಅಂತ ಬರೆದೆ.

ಒಟ್ಟು 14 ಭೇಟಿ ಆದವು. ನನಗೆ ಮಾತ್ರೆ ಬೇಕಾಗಲಿಲ್ಲ. ಕೆಲವರಿಗೆ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಈಗಲೂ ಒಂದೊಂದು ದಿನ ಸೇತುವೆ ಮೇಲೆ ಎದೆ ಜೋರಾಗಿ ಬಡಿಯುತ್ತದೆ. ಬಡಿಯಲಿ ಅಂತ ಬಿಟ್ಟು ಹೊಳೆ ನೋಡುತ್ತೇನೆ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ಬಂಡೆಗಳೆಲ್ಲ ಮುಳುಗಿರುತ್ತವೆ.